ಗೋವಾಕ್ಕೆ ಹೋದ ಮೈಕಲಪ್ಪ

ಸೈಕಲ್ಲಿನ ಹಿಂದೆ ಉದ್ದದ ಹಲಗೆ ಕಟ್ಟಿಕೊಂಡು ಯಾರೋ ನಾನು ಕೂತ ಬಸ್ಸಿನ ಪಕ್ಕದಲ್ಲೇ ತುಳಿಯುತ್ತಿದ್ದಾನೆ, ತೇಗವೋ ಹೊನ್ನೆಯೋ, ಮೈಕಲಪ್ಪನವರಾಗಿದ್ದರೆ ಕಂಡ ಕೂಡಲೇ ಹೇಳುತ್ತಿದ್ದರು, ಆಯುಷ್ಯವಿಡೀ ಮರಗೆಲಸ ಮಾಡಿದವರು, ಇವತ್ತು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡೇ ಹೋದವರು — ನರ್ಸಿನ ಕೈ, ಅಕ್ಕನ ಕೈಯಲ್ಲ. ಆರು ವಾರದ ಹಿಂದೆ ಯಾದವಗಿರಿಯ ನಮ್ಮ ಕೊನೆಗಾಲದ ಆರೈಕೆ ಕೇಂದ್ರದ ಮುಂದೆ ಒಬ್ಬರೇ ಆಟೋದಿಂದ ಇಳಿದು ನನ್ನನ್ನು ಕಂಡು ಬೆಚ್ಚಿದರು, ಒಂದೇ ಚರ್ಚಿನವರು ನಾವು, ಲವೀನಾ, ನೀನಿಲ್ಲಿದ್ದೀಯೇನಮ್ಮ, ಅಕ್ಕನಿಗೆ ಹೇಳಬೇಡ, ಲಿವರಿಗೆ ಕ್ಯಾನ್ಸರ್ ಬಂದಿರೋದು ಅವಳಿಗೆ ಗೊತ್ತಿಲ್ಲ, ಗೋವಾದಲ್ಲಿ ಚರ್ಚಿನ ಬೆಂಚು ಮಾಡೋ ಕೆಲಸ ಅಂತ ಹೇಳಿ ಬಂದ್ಬುಟ್ಟಿದೀನಿ, ಹಾಸಿಗೆ ಹಿಡಿದ ಅಮ್ಮನ್ನ ಒಂಬತ್ತು ವರ್ಷ ತೊಳೆದು ಸೊಂಟ ಹೋಗಿದೆ ಕಣಮ್ಮ ಅವಳ್ದು, ನನ್ನನ್ನೂ ತೊಳೀಬೇಕಾ. ರೋಗಿಯ ವಿಷಯ ಹೊರಗೆ ಹೋಗಬಾರದು ಅನ್ನೋದು ನಮ್ಮ ನಿಯಮವೇ ಅಂಕಲ್ ಅಂದೆ, ಎಷ್ಟು ಸುಲಭವಾಗಿ ಅಂದೆ, ಆದರೆ ಭಾನುವಾರ ಬರುತ್ತದಲ್ಲ, ಪೂಜೆ ಮುಗಿದು ಮೆಟ್ಟಿಲಿಳಿಯುವಾಗ ಅವರ ಅಕ್ಕ ಜೋಸೆಫಿನ್ ಆಂಟಿ ಕೈ ಹಿಡಿದುಕೊಳ್ಳುತ್ತಾರಲ್ಲ, ಮೈಕಲ ಫೋನ್ ಮಾಡಿದ್ದ ಕಣಮ್ಮ, ಮೀನು ತಿಂದು ತಿಂದು ದಪ್ಪ ಆಗಿದ್ದಾನಂತೆ — ಹೌದಾ ಆಂಟಿ, ಅನ್ನುತ್ತೇನೆ, ಹಿಂದಿನ ದಿನವೇ ಅಂಕಲ್ ತೂಕ ನೋಡಿದ್ದೆ, ಮೂವತ್ತೆಂಟು ಕೆಜಿ, ಆ ಫೋನನ್ನು ಅವರ ಕಿವಿಗೆ ಹಿಡಿದವಳೂ ನಾನೇ. ಸುಮ್ಮನಿರುವುದು ನಿಯಮ, ಹೌದಾ ಅನ್ನುವುದು ಯಾವ ನಿಯಮ. ಆಂಟಿಯ ಚಾಮರಾಜಪುರಂ ಮನೆಯಿಂದ ನಮ್ಮ ವಾರ್ಡಿಗೆ ಆಟೋದಲ್ಲಿ ಹತ್ತು ನಿಮಿಷ.

ಒಂದು ಸಲ ಬಂದು ನೋಡ್ಕೊಂಡು ಹೋಗಲಿ ಅಂಕಲ್ ಅಂದಿದ್ದೆ, ನೋಡಿದ್ರೆ ಹೋಗೋಳಲ್ಲ ಅವಳು ಅಂದು ಗೋಡೆ ಕಡೆ ತಿರುಗಿಕೊಂಡರು, ಡಾಕ್ಟರ್ ಬಿಂದುಮಾಧವರನ್ನು ಕೇಳಿದೆ, ಬುದ್ಧಿ ಸರಿ ಇದ್ದಾಗ ಹೇಳಿರೋದು ಸಿಸ್ಟರ್, ಅದು ಅವರ ಹಕ್ಕು, ನಮ್ಮ ಮನಸ್ಸು ಹಗುರ ಆಗಲಿ ಅಂತ ಮುರಿಯೋಕಾಗಲ್ಲ, ಸರಿಯೇ, ಅವರು ಹೇಳಿದ್ದು ಸರಿಯೇ, ಆದರೆ ನಿನ್ನೆ ಪ್ರಜ್ಞೆ ಮಸುಕಾದ ಮೇಲೆ, ಅಕ್ಕಾ, ಅಕ್ಕಾ, ಬಾಗಿಲು ತೆಗಿ, ಬೆಳಗಿನಿಂದ ಸಂಜೆವರೆಗೆ ಅದೊಂದೇ ಮಾತು, ಅದು ಕರೆದದ್ದೋ ಕನವರಿಸಿದ್ದೋ, ಯಾರನ್ನು ಕೇಳಲಿ, ಅವರ ಮೊಬೈಲು ತೆಗೆದು ಅಕ್ಕನ ನಂಬರಿನ ಮೇಲೆ ಬೆರಳಿಟ್ಟೆ, ಒತ್ತಲಿಲ್ಲ, ಡ್ರಾಯರಿನಲ್ಲಿಟ್ಟು ಮುಚ್ಚಿದೆ. ಹೋದಮೇಲೆ ತಿಳಿಸಿ ಎಂದು ಅವರೇ ಬರೆಸಿದ್ದ ಹೆಸರು ಒಂದೇ, ಅಕ್ಕನದು, ಇವತ್ತು ಆ ನಂಬರಿಗೆ ಫೋನ್ ಮಾಡಿದ್ದೂ ನಾನೇ, ಹತ್ತೇ ನಿಮಿಷ, ಮನೆಯಲ್ಲಿ ಉಡುವ ಹಳೇ ಸೀರೆಯಲ್ಲೇ ಬಂದರು. ಯಾವತ್ತಿಂದ ಇದ್ದ ಇಲ್ಲಿ. ಆರು ವಾರ ಆಂಟಿ. ಹೋದ ಭಾನುವಾರ ನಿನ್ನ ಕೈ ಹಿಡ್ಕೊಂಡಿದ್ದೆನಲ್ಲಮ್ಮ. ಹೌದು ಆಂಟಿ. ಅಷ್ಟೇ, ಅಳಲಿಲ್ಲ, ಬೈಯಲೂ ಇಲ್ಲ, ಬೈದಿದ್ದರೆ ಕಾಲಿಗಾದರೂ ಬೀಳುತ್ತಿದ್ದೆ, ಬಿಸಿನೀರು ಕೊಡು ಅಂದರು, ನಾವು ತೊಳೀತೀವಿ ಆಂಟಿ, ನಿಮ್ಮ ಸೊಂಟ — ಕೊಡು.

ಯಾರ್ರೀ ಚಾಮರಾಜಪುರಂ, ಇಳೀರಿ, ಕಂಡಕ್ಟರು ಕೂಗುತ್ತಿದ್ದಾನೆ, ನನ್ನ ಸ್ಟಾಪಲ್ಲ, ನಾನಲ್ಲ. ಅಂಕಲ್ ದೇಹವನ್ನು ಮಗ್ಗುಲಿಗೆ ಹೊರಳಿಸಿದಾಗ ಆಂಟಿ ಬೆನ್ನನ್ನು ಹುಡುಕಿ ಹುಡುಕಿ ನೋಡಿದರು, ಎರಡೆರಡು ಗಂಟೆಗೊಮ್ಮೆ ಹೊರಳಿಸಿದ ಬೆನ್ನು, ಒಂದು ಹುಣ್ಣಿಲ್ಲ, ಒಂದು ಕೆಂಪು ಗುರುತಿಲ್ಲ, ಚೆನ್ನಾಗಿ ನೋಡ್ಕೊಂಡಿದ್ದೀಯ, ಅಂದರು, ನನ್ನ ಮುಖ ನೋಡದೆ, ಆ ಬೆನ್ನಿಗೇ ಹೇಳಿದ ಹಾಗೆ, ಆಮೇಲೆ ಒದ್ದೆ ಬಟ್ಟೆ ಇಟ್ಟರು, ಒರೆಸಿದರು, ಬಕೆಟ್ಟಿನ ನೀರು ತಣ್ಣಗಾಯಿತು, ಆ ಕೈ, ತೊಳೆದಾಗಿದ್ದ ಬೆನ್ನಿನ ಮೇಲೆ ಆ ಕೈ, ಮೇಲಿಂದ ಕೆಳಕ್ಕೆ, ಮತ್ತೆ ಮೇಲಿಂದ, ಆ ಕೈ, ಮತ್ತೆ