ಹೊಳ್ಳರ ಎಲೆಗೆ ಅಡ್ಡ ಕೈ

ಗಂಡನ ಹೆಸರು ಹೇಳಬಾರದಂತೆ. ನಾನು ಹೇಳುತ್ತೇನೆ: ಸುಬ್ಬರಾಯ ಹೊಳ್ಳರು. ಕೋಟದ ಸುತ್ತಮುತ್ತ ಉಪನಯನ ಮಾಡಿಸುವ ಪುರೋಹಿತರು. ಪಂಕ್ತಿಯಲ್ಲಿ ಕೂತರೆ ಬಡಿಸುವವರಿಗೆ ಯಾವತ್ತೂ ಕೈ ಅಡ್ಡ ಹಿಡಿದವರಲ್ಲ. ಅವರಿಗೆ ಮಂತ್ರದಿಂದ ಬಂದ ಹೆಸರಿಗಿಂತ ಊಟದಿಂದ ಬಂದ ಹೆಸರೇ ದೊಡ್ಡದು.

ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾದ ದಿನ ನಾನು ದೇವರ ಕೋಣೆಯಲ್ಲಿ ಕೂತು ಅತ್ತೆ. ಅವರು ಅಳಲಿಲ್ಲ, ಸುಳ್ಳು ಹುಡುಕಿದರು. ಮೂತ್ರಕೋಶದ ಕೆಳಗಿನ ಗ್ರಂಥಿ ಎಂದರೆ ಊರಲ್ಲಿ ಮರ್ಯಾದೆ ಏನಾದೀತು! ಹಾಗಾಗಿ ಎಲ್ಲರಿಗೂ ಮೊಣಕಾಲು ನೋವು, ಕರೆಂಟು ಕೊಡಿಸಿಕೊಳ್ಳಲು ಹೋಗುವುದು ಎಂದರು. ದಿನಾ ಬೆಳಿಗ್ಗೆ ಬ್ರಹ್ಮಾವರ ದಾಟಿ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಗುರುತಿನವರು ಹತ್ತಿದ ಕೂಡಲೇ ಮೊಣಕಾಲು ಉಜ್ಜಿಕೊಳ್ಳುವರು. ಒಂದು ದಿನ ಎಡದ್ದು, ಇನ್ನೊಂದು ದಿನ ಬಲದ್ದು.

ಅಲ್ಲಿ ಕ್ಯಾನ್ಸರ್ ಸುಡುವ ಕಿರಣ ಬಿಡುವ ಮೊದಲು ದಿನವೂ ಮೇಜಿನ ಮೇಲೆ ಮಲಗಿಸಿ ಒಂದು ಸ್ಕ್ಯಾನ್ ಮಾಡುತ್ತಾರೆ. ಮೂತ್ರಕೋಶ ತುಂಬಿರಬೇಕು, ಕರುಳಿನ ಕೊನೆ ಖಾಲಿ ಇರಬೇಕು, ಗ್ರಂಥಿ ಗುರುತು ಮಾಡಿದ ಜಾಗದಲ್ಲೇ ಇರಬೇಕು. ಒಂದು ದಿನ ನಮ್ಮವರದ್ದು ಹಾಗಿರಲಿಲ್ಲ. ಡಾಕ್ಟರ್ ಅನ್ವಿತಾ ನನ್ನನ್ನು ಒಳಗೆ ಕರೆದು ಚಿತ್ರ ತೋರಿಸಿದರು. ಕಪ್ಪಗೆ ಒಂದು ಗುಳ್ಳೆ.

“ಇದು ಗ್ಯಾಸ್, ಅಮ್ಮ. ಗ್ರಂಥಿಯನ್ನು ಮುಂದಕ್ಕೆ ನೂಕಿದೆ. ಹೀಗೇ ಕಿರಣ ಬಿಟ್ಟರೆ ಕ್ಯಾನ್ಸರಿಗೆ ಸರಿಯಾಗಿ ಬೀಳುವುದಿಲ್ಲ, ಪಕ್ಕದ್ದು ಸುಡುತ್ತದೆ. ನಿನ್ನೆ ಏನು ತಿಂದರು?”

“ಎಂತ ತಿನ್ಲಿಲ್ಲೆ ಅಂತ ಕೇಣಿ,” ಎಂದೆ.

ಹಿಂದಿನ ದಿನ ಉಪನಯನದ ಊಟ. ಹಲಸಿನಕಾಯಿ ಹುಳಿ, ಕಡ್ಲೆ ಗಸಿ, ಮೇಲಿಂದ ಕಡ್ಲೆಬೇಳೆ ಹೋಳಿಗೆ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರಲ್ಲ! ಮೊಣಕಾಲಿಗೂ ಹೋಳಿಗೆಗೂ ಸಂಬಂಧ ಕಟ್ಟುವಷ್ಟು ಶಾಸ್ತ್ರ ಅವರು ಓದಿರಲಿಲ್ಲ. ಹಾಗಾಗಿ ತಿಂದರು. ಮೇಜಿನಿಂದ ಇಳಿಸಿ, ನಡೆದಾಡಿಸಿ, ಮತ್ತೆ ಮಲಗಿಸಿದರೂ ಗುಳ್ಳೆ ಹೋಗಲಿಲ್ಲ. ಅವತ್ತಿನ ಚಿಕಿತ್ಸೆ ತಪ್ಪಿತು. ಮುಂದಿನ ಉಪನಯನದ ಮಾರನೆ ದಿನವೂ ಅದೇ ಕಥೆ.

“ಹೀಗೆ ತಪ್ಪುತ್ತಾ ಹೋದರೆ ಚಿಕಿತ್ಸೆ ಹಿಡಿಯುವುದಿಲ್ಲ,” ಎಂದರು ಡಾಕ್ಟರು. ಬಸ್ಸಿನಲ್ಲಿ ಬರುವಾಗ ನಾನು ತಪ್ಪಿದ ದಿನಗಳನ್ನು ಬೆರಳಲ್ಲಿ ಎಣಿಸುತ್ತಿದ್ದೆ. ಇವರು ಮೊಣಕಾಲು ಉಜ್ಜುತ್ತಿದ್ದರು.

ಮೂರನೆಯ ಉಪನಯನ ಗುಲ್ವಾಡಿಯಲ್ಲಿ. ನಾನಿನ್ನೂ ಊಟಕ್ಕೆ ಕೂತಿರಲಿಲ್ಲ, ಗಂಡಸರ ಪಂಕ್ತಿ ಕಾಣುವಲ್ಲಿ ನಿಂತಿದ್ದೆ. ಇವರ ಪಕ್ಕದ ಎಲೆಯಿಂದ ನೆಂಟರಾದ ಹೃಷಿಕೇಶ ಹಂದೆಯವರು ಕೂಗಿದರು.

“ಹ್ವಾಯ್, ಹೊಳ್ರ ಎಲಿಗ್ ಇನ್ನೆರ್ಡ್ ಹೋಳ್ಗಿ ಹಾಕಿ! ಅವ್ರ್ ಬೇಡ ಅಂಬ ಜನ ಅಲ್ಲ!”

ನಮ್ಮವರು ನಗುತ್ತಾ ಎಲೆಯಲ್ಲಿ ಜಾಗ ಮಾಡಿದರು. ಆ ನಗು ಕಂಡು ನನ್ನ ಮೈ ಉರಿದುಹೋಯಿತು. ನೆಟ್ಟಗೆ ಹೋಗಿ ಎಲೆಯ ಮೇಲೆ ಕೈ ಅಡ್ಡ ಹಿಡಿದೆ.

“ಇವ್ರಿಗೆ ಪ್ರಾಸ್ಟೇಟ್ ಕ್ಯಾನ್ಸರ್. ನಾಳೆ ಸ್ಕ್ಯಾನಂಗೆ ಗ್ಯಾಸ್ ಕಂಡ್ರೆ ವಾಪಸ್ ಕಳ್ಸ್ತ್ರ್. ಅನ್ನ ಸಾರ್ ಹಾಕಿ, ಸಾಕ್.”

ಬಡಿಸುವವನು ಬಗ್ಗಿದವನು ಹಾಗೇ ನಿಂತ. ಪಂಕ್ತಿಯಲ್ಲಿದ್ದ ಪಂಡಿತರೆಲ್ಲ ತಮ್ಮ ತಮ್ಮ ಉಪ್ಪಿನಕಾಯಿಯಲ್ಲಿ ಏನೋ ಹುಡುಕತೊಡಗಿದರು.

ಮನೆ ಮುಟ್ಟಿದ ಮೇಲೆ ಇವರದು ಒಂದೇ ಮಾತು: “ನನ್ ಮರ್ಯಾದಿ ತೆಗ್ದೆ.”

“ನಂಗೆ ನೀವ್ ಬೇಕ್. ಮರ್ಯಾದಿ ಕಟ್ಕಂಡ್ ನಾನೆಂತ ಮಾಡೂದ್?” ಎಂದೆ.

ಮಾರನೆ ದಿನ ಚಿತ್ರದಲ್ಲಿ ಗುಳ್ಳೆ ಇರಲಿಲ್ಲ. ಗ್ರಂಥಿ ಹೇಳಿದ ಜಾಗದಲ್ಲಿ ಕೂತಿತ್ತು, ಯಜಮಾನರಿಗಿಂತ ವಿಧೇಯವಾಗಿ. ಚಿಕಿತ್ಸೆ ನಡೆಯಿತು. ನಾನು ಹೊರಗಿನ ಬೆಂಚಿನಲ್ಲಿ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಸಂಜೆ ಹಂದೆಯವರು ಹೆಂಡತಿ ಸರೋಜಳೊಂದಿಗೆ ಮನೆಗೆ ಬಂದರು. ಕ್ಷೇಮ ವಿಚಾರಿಸಲು ಎಂದರು. ಕಾಫಿ ಮುಗಿಯಿತು, ಮಳೆ ಬೆಳೆ ಮಾತೂ ಮುಗಿಯಿತು, ಏಳುವ ಸೂಚನೆಯೇ ಇಲ್ಲ. ಕೊನೆಗೆ ನಮ್ಮವರ ಕಿವಿಯ ಹತ್ತಿರ ಬಾಗಿದರು.

“ಹೊಳ್ರೆ, ನಿಮ್ಗೆ ಶುರುವಿಗೆ ಎಂತ ಆಪುದಿತ್ತ್? ನಂಗಲ್ಲ, ನಮ್ಮ ಗುರ್ತದವ್ರೊಬ್ರಿಗೆ. ರಾತ್ರಿ ಒಂದೊಂದ್ ಸಲ ಏಳ್ತ್ರಂಬ್ರ್.”

“ಒಂದೊಂದ್ ಸಲ್ವಾ?” ಎಂದಳು ಸರೋಜ. “ಎರ್ಡ್ ವರ್ಷ ಆಯ್ತ್, ಬಚ್ಚಲ್ ಬಾಗ್ಲ್ ಶಬ್ದ ಕೇಣ್ತಾ ನಾನ್ ಎಚ್ರ ಇಪ್ಪುದ್. ಕೇಂಡ್ರೆ ಸಕ್ಕರಿ ಕಾಯ್ಲಿ ಅಂಬ್ರ್. ಸಕ್ಕರಿ ಕಾಯ್ಲಿ ಇಪ್ಪವ್ರ್ ನಿನ್ನೆ ಅಷ್ಟ್ ಹೋಳ್ಗಿ ತಿಂತ್ರಾ?”

ಹಂದೆಯವರು ಖಾಲಿ ಕಾಫಿ ಲೋಟವನ್ನೇ ಮತ್ತೆ ಎತ್ತಿ ಕುಡಿದರು. ನನ್ನೊಡನೆ ಇಡೀ ದಿನ ಮುಖ ಗಂಟಿಕ್ಕಿಕೊಂಡಿದ್ದ ನಮ್ಮವರು ಈಗ ಮಾತಾಡಿದರು.

“ನಾಳೆ ನಮ್ಮೊಟ್ಟಿಗೆ ಬನ್ನಿ. ಮೊದ್ಲಿಗೆ ಒಂದ್ ರಕ್ತ ಪರೀಕ್ಷೆ, ಅಷ್ಟೇ.”

“ಬಸ್ಸಂಗೆ ಯಾರಾರೂ ಕೇಂಡ್ರೆ ಎಂತ ಹೇಳೂದ್?” ಎಂದರು ಹಂದೆಯವರು.

“ನೀವ್ ಸುಮ್ನೆ ಕೂಕಣಿ,” ಎಂದಳು ಸರೋಜ. “ನಾನ್ ಹೇಳ್ತೆ.”