ನಸುಕಿನ ಕಲ್ಲಿಗೆ ಬಿಸಿ ಎಲ್ಲಿಂದ

ಆ ಭಾನುವಾರ ಮುತ್ತಪ್ಪ ತನ್ನ ಕಂಪ್ಯೂಟರ್ ಕ್ಲಾಸಿನ ಬಾಗಿಲು ತೆರೆದದ್ದೇ ಒಬ್ಬ ಮನುಷ್ಯನ ಮರ್ಯಾದೆ ತೆಗೆಯಲಿಕ್ಕೆ. ಬೆಳಗಾವಿಯ ಮೊದಲನೇ ರೈಲ್ವೆ ಗೇಟಿನ ಹತ್ತಿರದ ಆ ಮಾಳಿಗೆ ಕೋಣೆಯಲ್ಲಿ ಆರು ಕಂಪ್ಯೂಟರುಗಳು ಬಟ್ಟೆ ಹೊದ್ದು ಮಲಗಿದ್ದವು, ಏಳನೆಯದು ಮಾತ್ರ ಗುಂಯ್ ಎನ್ನುತ್ತಿತ್ತು. ಗುಂಜಿಯಿಂದ ಬೆಳಗಿನ ರೈಲಿಗೆ ಬಂದಿದ್ದ ಅವ್ವ ಮಾಯಕ್ಕ ಗೋಡೆಗೆ ಆತು ನೆಲದ ಮೇಲೆ ಕೂತಿದ್ದಳು. ಕುರ್ಚಿ ಅಂದರೆ ಆಕೆಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ.

ಬರಬೇಕಾದವನು ಈರಯ್ಯ, ವಾಯುಪಡೆಯ ಪೈಲಟ್. ಹೋದ ವರ್ಷ ಗಡಿಯ ಗುಡ್ಡದಲ್ಲಿ ಮುತ್ತಪ್ಪನ ತಮ್ಮ ಯಲ್ಲೇಶ ಸತ್ತ ದಿನ, ಶತ್ರುಗಳ ಬಂಕರ್ ಒಡೆಯಲೆಂದು ನಸುಕಿನಲ್ಲಿ ಬಂದ ವಿಮಾನ ಇವನದು. ಬಂದ, ಎರಡು ಸುತ್ತು ಹಾಕಿದ, ಕ್ಷಿಪಣಿಯನ್ನು ಹೊತ್ತುಕೊಂಡೇ ತಿರುಗಿ ಹೋದ. ಬಂಕರ್ ಹಾಗೇ ಉಳಿಯಿತು. ಕೆಳಗಿದ್ದ ಸೈನಿಕರು ಹತ್ತಲೇಬೇಕಿತ್ತು, ಹತ್ತಿದರು. ಯಲ್ಲೇಶ ಪೆಟ್ಟಿಗೆಯಲ್ಲಿ ಊರಿಗೆ ಬಂದ. ಇಷ್ಟನ್ನೂ ಮನೆಗೆ ಬಂದು ಹೇಳಿದವನು ಯಲ್ಲೇಶನ ಜೊತೆಯ ಸಿಪಾಯಿ. ಈಗ ಆ ಪೈಲಟ್ ತಾನಾಗಿಯೇ ಕಾಗದ ಬರೆದಿದ್ದ, ಒಮ್ಮೆ ಭೇಟಿಯಾಗಬೇಕು ಎಂದು.

ಬರಲಿ ಮಗ, ಎಂದಿದ್ದ ಮುತ್ತಪ್ಪ. ಪೈಲಟ್ ಅಂಜಿ ಓಡಿದ ಎಂಬುದಕ್ಕೆ ಅವನ ಹತ್ತಿರ ಪುರಾವೆ ಇತ್ತು. ಪುರಾವೆ ಏನು ಅಂತೀರಿ? ಒಂದು ಆಟದ ಸಿ.ಡಿ.! ವಿಮಾನ ಹಾರಿಸಿ ಯುದ್ಧ ಮಾಡುವ ಆಟ. ಡಬ್ಬಿಯ ಮೇಲೆ ‘ಅಸಲಿ ಯುದ್ಧದ ಹಾಗೇ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು, ಇವನು ಅದನ್ನು ವಚನದ ಹಾಗೆ ನಂಬಿಬಿಟ್ಟ. ಮೂರು ತಿಂಗಳು ಕೂತು ಆ ಗುಡ್ಡ, ಆ ಬಂಕರ್, ಆ ನಸುಕು ಎಲ್ಲವನ್ನೂ ಆಟದೊಳಗೆ ಕಟ್ಟಿದ. ದುಃಖ ಮನುಷ್ಯನ ಕೈಯಲ್ಲಿ ಏನೇನು ಮಾಡಿಸುತ್ತದೋ ಶಿವನೇ ಬಲ್ಲ.

ಹನ್ನೊಂದಕ್ಕೆ ಈರಯ್ಯ ಬಂದ. ಬೈಲಹೊಂಗಲ ಕಡೆಯವನು, ಮೂವತ್ತರ ಒಳಗಿನ ವಯಸ್ಸು, ಇಸ್ತ್ರಿ ಮಾಡಿದ ಅಂಗಿ. ಚಪ್ಪಲಿ ಹೊರಗೆ ಬಿಟ್ಟು, ಮಾಯಕ್ಕನ ಕಾಲಿಗೆ ಬಾಗಲು ಹೋದ. ಆಕೆ ಕಾಲು ಸೀರೆಯೊಳಗೆ ಎಳೆದುಕೊಂಡಳು.

“ಅದೆಲ್ಲಾ ಆಮ್ಯಾಲೆ. ಕುಂದರ್ರಿ ಸಾಹೇಬ್ರ, ಇಲ್ಲಿ ನೋಡ್ರಿ,” ಎಂದ ಮುತ್ತಪ್ಪ.

ಪರದೆಯ ಮೇಲೆ ಬೂದು ಬಣ್ಣದ ಗುಡ್ಡ ಓಡಿಬಂತು. ನಡುವೆ ಬಂಕರ್, ಸುಣ್ಣ ಬಳಿದಂತೆ ಬೆಳ್ಳಗೆ. ಗುರಿ ಹಿಡಿಯುವ ಚೌಕಟ್ಟು ಅದರ ಮೇಲೆ ಗಪ್ಪನೆ ಕೂತಿತು. ಮುತ್ತಪ್ಪ ಗುಂಡಿ ಒತ್ತಿದ, ಬಂಕರ್ ಧೂಳಾಯಿತು.

“ಎಷ್ಟ್ ಹೊತ್ತಾತ್ರೀ? ಹತ್ತು ಸೆಕೆಂಡ್! ನಿಮ್ಮ ಕಣ್ಣಿಗೆ ಕಾಣಲಿಲ್ಲ? ಅಂಜಿಕಿ ಬಂತು ಅಂತ ಒಂದ ಮಾತು ಒಪ್ಕೋರಿ. ನಮ್ಮವ್ವನ ಮುಂದ ಒಪ್ಕೋರಿ.”

ಈರಯ್ಯ ಪರದೆಯನ್ನೇ ನೋಡುತ್ತ ಕೂತ. “ನನ್ನ ಪರದಿ ಮ್ಯಾಲೆ ಹಿಂಗ ಇರಲಿಲ್ರಿ,” ಎಂದ ಮೆಲ್ಲಗೆ. “ಆದ್ರ ನಾ ವಾದ ಮಾಡಾಕ ಬಂದಿಲ್ಲ. ಕ್ಷಿಪಣಿ ತಿರುಗಿ ತಂದಾಂವ ನಾನ. ಕ್ಷಮಾ ಕೇಳಾಕ ಬಂದೀನಿ.”

“ಕಾಣಲಿಲ್ಲಂತ! ಕುಣೀಲಾರದವಳು ನೆಲ ಡೊಂಕು ಅಂದಳಂತ!”

ಅಷ್ಟರಲ್ಲಿ ಮಾಯಕ್ಕ ಎದ್ದು ಬಂದು ಪರದೆಯ ಮುಂದೆ ನಿಂತಳು. “ಮುತ್ತ್ಯಾ, ಆಗ ಬೆಳ್ಳಗ ಕಂಡದ್ದು ಏನದು?”

“ಅದು ಬಿಸಿ ಯವ್ವಾ. ಆ ಕ್ಷಿಪಣಿಗೆ ಬಣ್ಣ ತಿಳಿಯೂದಿಲ್ಲ, ಆಕಾರ ತಿಳಿಯೂದಿಲ್ಲ. ಬಾಜೂಕಿನದ್ದಕ್ಕಿಂತ ಯಾವುದು ಬಿಸಿ ಐತಿ, ಅದನ್ನ ಹಿಡಕೊಂಡು ಹೋಗ್ತದ.”

“ಇವರು ಹೋಗಿದ್ದು ಎಷ್ಟೊತ್ತಿಗೆ?”

“ಹೊತ್ತು ಹುಟ್ಟೂಕಿಂತ ಚೂರು ಮೊದಲ.”

“ಬಂಕರ ಅಂದ್ರ ಎದರದು?”

“ಕಲ್ಲಿಂದು. ಮ್ಯಾಲೆ ಮಣ್ಣು, ಹಿಮ.”

ಮಾಯಕ್ಕ ಮಗನ ಕಡೆ ತಿರುಗಿದಳು. “ಆಡು ಕಾಯ್ದ ಮನೀ ಮಗ ಆಗಿ ಇಷ್ಟೂ ತಿಳೀಲಿಲ್ಲೇನೋ ನಿನಗ? ನಸುಕಿನ ಕಲ್ಲಿಗೆ ಬಿಸಿ ಎಲ್ಲಿಂದ ಬರ್ತದೋ? ಸಂಜೀಕ ಬಂಡಿಗಲ್ಲು ಬೆಚ್ಚಗಿರ್ತದ, ಮರಿ ಹೋಗಿ ಅದರ ಮ್ಯಾಲೆ ಮಲಗ್ತಾವ. ರಾತ್ರಿ ಪೂರಾ ಆರಿ ಆರಿ, ಹೊತ್ತು ಹುಟ್ಟೂದ್ರಾಗ ಕಲ್ಲು, ನೆಲ, ತಗಡು ಎಲ್ಲಾ ಒಂದ ಥಂಡಿ. ಹೋದ ಮಾಗಿಯೊಳಗ ಕಲ್ಲಿನ ಸಂದ್ಯಾಗ ಮರಿ ಬಿದ್ದು ಸತ್ತಿತ್ತು. ನಸುಕಿನ್ಯಾಗ ಕೈ ಹಾಕಿ ಹುಡುಕಿನಿ. ಕಲ್ಲು ಯಾವುದು, ಮರಿ ಯಾವುದು, ಕೈಗೆ ತಿಳೀಲಿಲ್ಲ. ನನ್ನ ಕೈಗೆ ತಿಳೀಲಾರದ್ದು ಇವರ ವಿಮಾನದ ಯಂತ್ರಕ್ಕ ಹೆಂಗ ತಿಳೀಬೇಕು?”

ಮುತ್ತಪ್ಪ ಪರದೆಯ ಕಡೆ ತಿರುಗಿದ. ಆಟದಲ್ಲಿ ಗಡಿಯಾರವನ್ನು ನಸುಕಿಗೆ ತಿರುಗಿಸಿದ್ದ, ಬೆಳಕು ಮಬ್ಬಾಗಿತ್ತು ಅಷ್ಟೆ. ಬಂಕರ್ ಮಟಮಟ ಮಧ್ಯಾಹ್ನದಲ್ಲಿ ಎಷ್ಟು ಬೆಳ್ಳಗಿತ್ತೋ ನಸುಕಿನಲ್ಲೂ ಅಷ್ಟೇ ಬೆಳ್ಳಗಿತ್ತು. ಆಟ ಬರೆದವರು ಕಲ್ಲಿನ ಮೇಲೆ ಎಂದೂ ಕೈಯಿಟ್ಟವರಲ್ಲ. ತಾನು ಇಟ್ಟವನು, ತನಗೆ ಯಾಕೆ ಹೊಳೆಯಲಿಲ್ಲ? ಹೊಳೆಯಬಾರದು ಎಂದೇ ಮೂರು ತಿಂಗಳು ಕೂತಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

“ಯಾಕ್ರೀ ಹೇಳಲಿಲ್ಲ ಇದನ್ನ?” ಎಂದ.

“ಪರದಿ ಪೂರಾ ಒಂದ ಬೂದು ಬಣ್ಣ ಆಗಿತ್ರಿ,” ಎಂದ ಈರಯ್ಯ. “ಅಂದಾಜಿನ ಮ್ಯಾಲೆ ಬಿಟ್ರ ಕೆಳಗ ನಮ್ಮವರ ಇದ್ರು. ಬಿಸಿ ಮೈಯವರು ಅವರ. ಅದಕ್ಕ ಬಿಡಲಿಲ್ಲ. ಆದ್ರ ಮಗನ್ನ ಕಳಕೊಂಡ ತಾಯಿ ಮುಂದ ಇದನ್ನ ಯಾವ ಬಾಯಿಂದ ಹೇಳಲಿ?”

ಅವನು ಮುಖ ಮುಚ್ಚಿಕೊಂಡ. ಮಾಯಕ್ಕ ಮೂಲೆಯ ಕೊಡದಿಂದ ತಂಬಿಗೆ ತುಂಬಿ ತಂದು ಅವನ ಮುಂದೆ ಹಿಡಿದಳು. ಅವನು ಎರಡೂ ಕೈಯಿಂದ ಈಸಿಕೊಂಡು ಕುಡಿದ. ಅದುವರೆಗೆ ಒಣಗಿದ್ದ ಆಕೆಯ ಕಣ್ಣು ಆಗ ಕಟ್ಟೆಯೊಡೆಯಿತು.

“ವರ್ಷ ಆತು, ದಿನಾ ಮುಂಜಾನೆ ನಿನ್ನ ಮನಿ ಹಾಳಾಗಲಿ ಅಂತ ಬೈಕೋಂತ ಎದ್ದೀನಿ ತಮ್ಮಾ. ಆ ಸಿಟ್ಟಿನ ಮ್ಯಾಲೇ ಹಾಸಿಗಿ ಬಿಟ್ಟೀನಿ, ರೊಟ್ಟಿ ಬಡದೀನಿ. ನಾಳಿಂದ ನಾ ಯಾರನ್ನ ಬೈಕೋಂತ ಏಳಲೋ?”

“ನನ್ನನ್ನ ಬೈರಿ ಯವ್ವಾ,” ಎಂದ ಈರಯ್ಯ. “ಬೈಕೋಂತನ ಇರ್ರಿ. ನಾ ತಾಳ್ಕೋತೀನಿ.”

“ಆಗೂದಿಲ್ಲೋ ನನ್ನಪ್ಪಾ,” ಎಂದು ಆಕೆ ಅವನ ತಲೆಯ ಮೇಲೆ ಕೈಯಿಟ್ಟಳು. “ಖರೇ ಗೊತ್ತಾಗಿಬಿಟ್ತು.”