ಅಂಚಿನ ಬದಿ

ಝೀನತ್ ಕೇಳಿದ್ದು ಒಂದೇ ಮಾತು. ಸೌದಿಯ ಅಬಹಾದ ಫ್ಲಾಟಿನ ಅಡುಗೆಮನೆಯಲ್ಲಿ, ಕೈತುಂಬ ಹಿಟ್ಟು ಮೆತ್ತಿಕೊಂಡೇ ಕೇಳಿದ್ದಳು: "ಪ್ರಪಾತ ನನ್ನ ಬದಿಗೆ ಬರ್ತದಾ?"

"ಇಲ್ಲ ಭಾಭಿ. ಇಡೀ ದಾರಿ ನಾವು ಒಳಬದಿಗೇ ಇರುವುದು. ನೋಡಿಯೇ ಹಾಕಿದ್ದು," ಎಂದಿದ್ದಳು ಅವಳ ನಾದಿನಿ ಮುಹ್ಸಿನಾ. ಮಾತಾಡುವುದೇ ಅಪರೂಪವಾದ ಹುಡುಗಿ. ಹಾಗಾಗಿ ಅವಳ ಮಾತಿಗೆ ಆ ಮನೆಯಲ್ಲಿ ತೂಕ ಹೆಚ್ಚು.

ಝೀನತಳ ಹೆದರಿಕೆಗೆ ಕಾರಣವಿತ್ತು. ರಂಜಾನಿಗೆ ಸ್ವಲ್ಪ ಮೊದಲು ಒಂದು ಇಳಿಜಾರಿನಲ್ಲಿ ಅವಳ ಸೈಕಲ್ ಜಲ್ಲಿಯ ಮೇಲೆ ಜಾರಿ, ಅವಳು ರಸ್ತೆಯ ಅಂಚಿನವರೆಗೆ ಉರುಳಿದ್ದಳು. ಮೊಣಕೈಯ ಪ್ಲಾಸ್ಟರ್ ಬಿಚ್ಚಿ ಎಷ್ಟೋ ಕಾಲವಾಯಿತು. ಸೈಕಲ್ ಮಾತ್ರ ಬಾಲ್ಕನಿ ಬಿಟ್ಟು ಕದಲಿರಲಿಲ್ಲ. "ಬಟ್ಟೆ ಒಣಗಿಸಲಿಕ್ಕೆ ಒಳ್ಳೆ ಸ್ಟ್ಯಾಂಡ್ ಆಯ್ತು," ಎಂದು ಗಂಡ ಅಜ್ಮಲ್ ನಗಾಡುತ್ತಿದ್ದ. ಕಡೆಗೊಮ್ಮೆ ಝೀನತಳೇ ಹೇಳಿದಳು: ಇನ್ನೊಂದೇ ಸಲ ಹೋಗಿ ನೋಡ್ತೇನೆ, ಆಗದಿದ್ದರೆ ಯಾರಿಗಾದರೂ ಕೊಟ್ಟುಬಿಡುವಾ. ಆ ಒಂದು ಸಲಕ್ಕೆ ದಾರಿ ಹಾಕುವ ಕೆಲಸ ಮುಹ್ಸಿನಾಳ ಪಾಲಿಗೆ ಬಂತು.

ಅವಳು ಮಂಗಳೂರಿನಲ್ಲಿ ಭೂಗೋಳ ಓದಿದವಳು. ಅಣ್ಣನ ಮನೆಗೆ ಬಂದ ಮೇಲೆ ಇಲ್ಲಿನ ಮಹಿಳೆಯರ ಸಣ್ಣ ಸೈಕಲ್ ಗುಂಪಿಗೆ ದಾರಿ ಹುಡುಕುವವಳು ಅವಳೇ. ಫೋನಿನ ನಕ್ಷೆಯಲ್ಲಿ ಏರು ಎಲ್ಲಿ, ನೀರು ಎಲ್ಲಿ, ಪೆಟ್ರೋಲ್ ಪಂಪಿನ ಮಸೀದಿಯಲ್ಲಿ ಹೆಂಗಸರ ಕೋಣೆ ಉಂಟಾ ಎಂದೆಲ್ಲ ನೋಡಿ ಗುರುತು ಹಾಕಿ ಗ್ರೂಪಿಗೆ ಕಳಿಸುತ್ತಿದ್ದಳು. ಕೆಳಗೆ ಒಂದು ವಾಕ್ಯ ಸಹ ಬರೆಯುತ್ತಿರಲಿಲ್ಲ. ಸವಾರಿಯ ದಿನ ಎಲ್ಲರಿಗಿಂತ ಹಿಂದೆ, ಮುಂದಿನವರ ಚಕ್ರ ನೋಡಿಕೊಂಡು ಹೋಗುವುದು ಅವಳಿಗೆ ಹಿತ.

ಈ ಸಲ ಅವಳು ಆರಿಸಿದ್ದು ಅಸೀರ್ ರಾಷ್ಟ್ರೀಯ ಉದ್ಯಾನದ ಎತ್ತರದ ಬಯಲು. ಬೋಳು ನೆಲ, ಕಂದುಬಣ್ಣದ ಹುಲ್ಲು, ಮೊಣಕಾಲೆತ್ತರದ ಮುಳ್ಳುಪೊದೆ. ಅಂಚಿಗೆ ಹೋದಂತೆ ಗಡ್ಡದ ಹಾಗೆ ಹಾವಸೆ ಜೋತುಬಿದ್ದ ಜುನಿಪರ್ ಮರಗಳು. ಬಯಲಿನ ಸುತ್ತ, ಬಟ್ಟಲಿನ ಅಂಚಿಗೆ ಗೆರೆ ಎಳೆದ ಹಾಗೆ ಒಂದು ಡಾಂಬರು ರಸ್ತೆ. ಅದರಾಚೆ ನೆಲ ಮುಗಿಯಿತು. ಕೆಳಗೆ ಎಲ್ಲೋ ಜಿಜಾನ್ ಕರಾವಳಿಯ ಸೆಕೆ.

ಶನಿವಾರ ಬೆಳಿಗ್ಗೆ ಹೊರಟವರು ಮೂವರೇ. ಮುಂದೆ ಕಾರ್ಕಳದ ಸ್ವರ್ಣಲತಾ. ಆಸ್ಪತ್ರೆಯಲ್ಲಿ ನರ್ಸು, ಗುಂಪಿನ ಮೇಸ್ತ್ರಿ. ನಡುವೆ ಝೀನತ್, ಹಿಂದೆ ಮುಹ್ಸಿನಾ. ಅವರ ಹಿಂದೆ ಕಾರಿನ ನಾಲ್ಕೂ ದೀಪ ಮಿಣುಕಿಸುತ್ತ ಅಜ್ಮಲ್. ಬಯಲಿನ ನಡುವಿನ ನೇರ ರಸ್ತೆಯಲ್ಲಿ ಹೋಗುವಾಗ ಝೀನತಳ ಬೆನ್ನು ಸ್ವಲ್ಪ ಸಡಿಲವಾಗಿತ್ತು. ಒಂದು ಬಬೂನ್ ಕೋತಿ ಕಸದ ತೊಟ್ಟಿಯ ಮೇಲೆ ಕೂತು ಯಾರೋ ಎಸೆದ ಖಬ್ಸದ ಅನ್ನ ತಿನ್ನುತ್ತಿತ್ತು. "ನೋಡಿ, ನಿಮ್ಮ ಯಜಮಾನರು ಮೊದಲೇ ಬಂದು ಕೂತಿದ್ದಾರೆ," ಎಂದಳು ಸ್ವರ್ಣಲತಾ. ಝೀನತ್ ನಕ್ಕಳು. ಸೈಕಲಿನ ಮೇಲೆ ಅವಳು ನಕ್ಕದ್ದು ಕೇಳಿ ಮುಹ್ಸಿನಾಳ ಎದೆ ಹಗುರವಾಯಿತು.

ಅಂಚಿನ ರಸ್ತೆ ಸಿಗುವ ಕೂಡುರಸ್ತೆಗೆ ಬರುವಾಗ ಮಂಜು ಮೇಲೆದ್ದು ಕವಿದಿತ್ತು. ನಿಂತು ನೀರು ಕುಡಿದರು. ನಕ್ಷೆಯ ಪ್ರಕಾರ ಇಲ್ಲಿ ಎಡಕ್ಕೆ. "ನೀವು ಉಸಿರು ತಗೊಳ್ಳಿ, ನಾನು ರಸ್ತೆ ಹೇಗುಂಟು ನೋಡ್ತೇನೆ," ಎಂದು ಸ್ವರ್ಣಲತಾ ಹೊರಟಳು. ರಸ್ತೆ ದಾಟಿ ಆಚೆ ಬದಿಗೆ ಹೋಗಿ ಎಡಕ್ಕೆ ತಿರುಗಿದಳು. ಅವಳ ಸೈಕಲಿನ ಕೆಂಪು ದೀಪ ಒಂದು ಮೋಟು ಕಲ್ಲುಕಟ್ಟೆಯ ಪಕ್ಕದಲ್ಲೇ ಸಾಗಿತು. ಕಟ್ಟೆಯ ಆಚೆ ಏನೂ ಇರಲಿಲ್ಲ, ಬರೀ ಬಿಳಿ.

ಮುಹ್ಸಿನಾ ಆ ದೀಪವನ್ನೇ ನೋಡಿದಳು. ಅದು ಅಲ್ಲಿ ಇರಬಾರದಿತ್ತು, ಈಚೆ ಬದಿಗೆ ಇರಬೇಕಿತ್ತು. ಆಗ ಅವಳಿಗೆ ಹೊಳೆಯಿತು. ಇಲ್ಲಿ ಬಲಬದಿಯ ಸಂಚಾರ. ನಕ್ಷೆಯ ಮೇಲೆ ಬೆರಳಾಡಿಸಿ ದಾರಿ ಹಾಕುವಾಗ ಅವಳ ಮನಸ್ಸು ಸೈಕಲ್ ತುಳಿದದ್ದು ತನ್ನೂರು ಉಚ್ಚಿಲದಲ್ಲಿ ಕಲಿತ ಹಾಗೆ, ಎಡಬದಿಯಲ್ಲಿ. ಎಡಬದಿಯಲ್ಲಿ ಹೋಗುವವರಿಗೆ ಈ ಸುತ್ತಿನಲ್ಲಿ ಬಯಲೇ ಪಕ್ಕಕ್ಕೆ, ಪ್ರಪಾತ ದೂರ. ಬಲಬದಿಯಲ್ಲಿ ಹೋಗುವವರಿಗೆ ಎಲ್ಲ ತಿರುಗುಮುರುಗು. ಈ ದೇಶದಲ್ಲಿ ಅವಳು ಒಬ್ಬಳೇ ರಸ್ತೆಗಿಳಿದವಳೇ ಅಲ್ಲ. ಕಾರಿನಲ್ಲಿ ಹಿಂದಿನ ಸೀಟು, ಸೈಕಲಿನಲ್ಲಿ ಮುಂದಿನವರ ಚಕ್ರ.

ಝೀನತ್ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ಅವಳಿಗೇನೂ ಕಂಡಿರಲಿಲ್ಲ. ಕಾಣುವಂತೆಯೂ ಇರಲಿಲ್ಲ, ಅಷ್ಟು ದಟ್ಟ ಮಂಜು. ಸುಮ್ಮನಿದ್ದರೆ ಆಯಿತು ಎಂದು ಮುಹ್ಸಿನಾಳಿಗೆ ಅನಿಸಿತು. ಸುಮ್ಮನಿರುವುದು ಅವಳಿಗೆ ಹೊಸತಲ್ಲ. ಕಾಣದ ಪ್ರಪಾತಕ್ಕೆ ಯಾರು ಹೆದರುತ್ತಾರೆ? ಝೀನತ್ ನಿರಾಳವಾಗಿ ಸುತ್ತು ಮುಗಿಸಬಹುದು, ಸೈಕಲ್ ಮನೆಯಲ್ಲಿ ಉಳಿಯಬಹುದು. ನಡುವೆ ಮಂಜು ಹರಿದರೆ? ಹರಿಯದೇ ಇದ್ದರೂ, ಇನ್ನು ಮುಂದೆ ಭಾಭಿ 'ಹೌದಾ' ಎಂದು ಕೇಳಿದಾಗಲೆಲ್ಲ ತಾನು 'ಹೌದು' ಎನ್ನುವುದು ಯಾವ ಬಾಯಿಯಲ್ಲಿ?

ಸ್ವರ್ಣಲತಾ ಮರಳಿ ಬಂದಳು. "ರಸ್ತೆ ಚಂದ ಉಂಟು. ಯಲ್ಲಾ, ಹೊರಡುವಾ."

"ಭಾಭಿ," ಎಂದಳು ಮುಹ್ಸಿನಾ. ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ, ಕಾರಿನಲ್ಲಿದ್ದ ಅಣ್ಣನೂ ತಿರುಗಿ ನೋಡುವಷ್ಟು ಗಟ್ಟಿಯಾಗಿ, "ಭಾಭಿ, ನಿಲ್ಲಿ! ನಾನು ತಪ್ಪು ಹಾಕಿದೆ. ಪ್ರಪಾತ ನಮ್ಮ ಬದಿಗೇ. ನಾನು ಊರಿನ ಹಾಗೆ ಎಡಬದಿ ಅಂತ ಎಣಿಸಿದ್ದು."



"ಎಂತದು ಮಾರಾಯ್ತಿ!" ಎಂದಳು ಸ್ವರ್ಣಲತಾ. "ಭೂಗೋಳದಲ್ಲಿ ಡಿಗ್ರಿ, ಎಡಬಲ ಗೊತ್ತಿಲ್ಲ!"

ಅಜ್ಮಲ್ ಕಿಟಕಿಯಿಂದ ತಲೆ ಹೊರಹಾಕಿ, "ಹಾಗಾದ್ರೆ ಬಲಕ್ಕೆ ತಿರುಗಿ, ಸುತ್ತು ಉಲ್ಟಾ ಮಾಡಿದ್ರಾಯ್ತು," ಎಂದ.

"ಆ ಕಡೆಯಿಂದ ಹೋದ್ರೆ ದೊಡ್ಡ ಇಳಿಜಾರು ಸಿಗ್ತದೆ. ಈ ಮಂಜಲ್ಲಿ ಅದು ಬೇಡ," ಎಂದಳು ಸ್ವರ್ಣಲತಾ ಖಡಾಖಂಡಿತವಾಗಿ. "ಎಡಕ್ಕೆ ಹೋಗುವುದು, ಇಲ್ಲಾ ಮನೆಗೆ ಹೋಗುವುದು. ಝೀನತ್, ನೀವೇ ಹೇಳಿ."

ಝೀನತ್ ಕಲ್ಲುಕಟ್ಟೆಯ ಕಡೆ ನೋಡಿದಳು. "ನೀನು ಹೇಳದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ," ಎಂದಳು ಮುಹ್ಸಿನಾಳಿಗೆ. ಹೊಗಳಿಕೆಯೋ ಬೈಗುಳವೋ ತಿಳಿಯುವಂತಿರಲಿಲ್ಲ.

"ಗೊತ್ತು."

ಝೀನತ್ ಅಬಾಯದ ಸೆರಗನ್ನು ಚಕ್ರಕ್ಕೆ ಸಿಗದಂತೆ ಮೇಲೆತ್ತಿ ಕಟ್ಟಿದಳು. "ನೀನು ನನ್ನ ಬಲಕ್ಕೆ ಬಾ. ನನಗೂ ಅದಕ್ಕೂ ನಡುವೆ ನೀನಿರಬೇಕು. ಮತ್ತೆ ಮಾತಾಡ್ತಾ ಇರು. ನೀನು ಸುಮ್ಮನಾದ್ರೆ ಬಿದ್ದೆಯೋ ಇದ್ದೆಯೋ ನನಗೆ ಗೊತ್ತಾಗುವುದಿಲ್ಲ."

ಸ್ವರ್ಣಲತಾಳ ಹಿಂದೆ ಇಬ್ಬರೂ ಅಕ್ಕಪಕ್ಕ ಹೊರಟರು. ಏನು ಮಾತಾಡುವುದು? ಮುಹ್ಸಿನಾ ಕಂಡದ್ದನ್ನೇ ಹೇಳುತ್ತ ಹೋದಳು. ಇಲ್ಲಿ ಸ್ವಲ್ಪ ಏರು ಭಾಭಿ. ಇಲ್ಲಿ ಒಂದು ಮರ, ಅರ್ಧ ಒಣಗಿದೆ. ಕಟ್ಟೆಯ ಮೇಲೆ ಯಾರೋ ತಮ್ಮ ಹೆಸರು ಬರೆದಿದ್ದಾರೆ, ಫಹದ್ ಅಂತ. ಕಾಣುವುದು ಮುಗಿದಾಗ ಕಾಣದ್ದು ಶುರುವಾಯಿತು. ಕಾಲೇಜಿನಲ್ಲಿ ಹಾಜರಿ ಕೂಗಿದರೆ ಧ್ವನಿ ಹೊರಡದೆ ಎಷ್ಟೋ ದಿನ ಗೈರುಹಾಜರಿ ಬಿದ್ದದ್ದನ್ನು ಹೇಳಿದಳು. ಝೀನತ್ ಹ್ಞೂಂ ಎನ್ನಲೂ ಇಲ್ಲ. ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದು ಮುಂದಿನ ಬಿಳಿ ಗೆರೆಯನ್ನೇ ನೋಡುತ್ತಿದ್ದಳು.

ಒಂದು ತಿರುವಿನಲ್ಲಿ ಗಾಳಿ ಬೀಸಿ ಮಂಜು ಹರಿಯಿತು.

"ಮಾತು ಯಾಕೆ ನಿಲ್ಲಿಸಿದ್ದು? ಎಂತ ಉಂಟು ಆಚೆ?"

"ಏನೂ ಇಲ್ಲ ಅಂತ ಹೇಳ್ಲಿಕ್ಕೆ ಆಗುವುದಿಲ್ಲ," ಎಂದಳು ಮುಹ್ಸಿನಾ. "ತುಂಬ ಆಳ ಉಂಟು ಭಾಭಿ. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆಗಳು. ಒಂದು ಕಲ್ಲಿನ ಮನೆ, ಬೆಂಕಿಪೆಟ್ಟಿಗೆಯಷ್ಟು. ಹದ್ದು ನಮಗಿಂತ ಕೆಳಗೆ ಹಾರ್ತಾ ಉಂಟು."

"ಸ್ವಲ್ಪ ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಝೀನತಳ ಧ್ವನಿ ನಡುಗಿತು, ಕಾಲು ನಿಲ್ಲಲಿಲ್ಲ.

ಆಗಲೇ ಹಿಂದಿನಿಂದ ಅಜ್ಮಲ್ ಹಾರ್ನ್ ಹೊಡೆದ. ಅವನ ಹಿಂದೆ ಒಂದು ನೀರಿನ ಟ್ಯಾಂಕರು ದಾರಿ ಕೇಳುತ್ತಿತ್ತು. ಅಕ್ಕಪಕ್ಕ ಹೋಗುವಂತಿಲ್ಲ, ಒಬ್ಬರ ಹಿಂದೆ ಒಬ್ಬರಾಗಬೇಕು. ಹಾಗಾದರೆ ಅಂಚು ಎಲ್ಲರ ಪಾಲಿಗೂ. "ಇಳಿದು ನಿಲ್ಲುವಾ," ಎಂದಳು ಮುಹ್ಸಿನಾ.

"ಇಳಿದ್ರೆ ಮತ್ತೆ ಹತ್ತುವವಳಲ್ಲ ನಾನು. ನೀನು ಹಿಂದೆ ಹೋಗು."

ಮುಹ್ಸಿನಾ ಬ್ರೇಕ್ ಹಿಡಿದು ಹಿಂದೆ ಸರಿದಳು. ಝೀನತ್ ಕತ್ತನ್ನು ಒಂದಿಷ್ಟೂ ಹೊರಳಿಸದೆ ಕಟ್ಟೆಯ ಪಕ್ಕಕ್ಕೆ ಬಂದಳು. ಟ್ಯಾಂಕರು ನೀರು ತುಳುಕಿಸುತ್ತ ಹಾದುಹೋಯಿತು. ಅದರ ಗಾಳಿಗೆ ಝೀನತಳ ಸೈಕಲ್ ಒಮ್ಮೆ ಓಲಾಡಿ ನೆಟ್ಟಗಾಯಿತು.

ರಸ್ತೆ ಮತ್ತೆ ಖಾಲಿಯಾಯಿತು. ಮುಹ್ಸಿನಾ ಮೊದಲಿನಂತೆ ಹೊರಬದಿಗೆ ಹೋಗಲು ನೋಡಿದಳು. ಝೀನತ್ ಜಾಗ ಬಿಡಲಿಲ್ಲ.

"ಎಡಕ್ಕೆ ಬಾ," ಎಂದಳು ತಿರುಗಿ ನೋಡದೆಯೇ. "ಆ ಹಾಜರಿಯ ಕಥೆ ಅರ್ಧದಲ್ಲಿ ಬಿಟ್ಟಿಯಲ್ಲ. ಮತ್ತೆ ಎಂತಾಯ್ತು?"